ಹೊರೆಗಾತಿಯ ಹಾಳೆ

ಅಚ್ಚುಮನೆಯಿಂದ ಬಂದ ಪ್ರೂಫಿನಲ್ಲಿ ನನ್ನದೊಂದು ಸಾಲು ಇರಲಿಲ್ಲ. ಮುಂದಿನ ಪುಟಕ್ಕೆ ಜಾರಿರಬಹುದೇನೋ ಎಂದು ಹಾಳೆ ತಿರುವಿ ನೋಡಿದೆ. ಅಲ್ಲಿಯೂ ಇಲ್ಲ. “ಹೊರೆಗಾತಿ ಮುಟ್ಟಿದರೆ ಗಾಯ ಮಾಯುತ್ತದೆ” ಎಂಬ ಸಾಲು ಹಾಗೇ ಇತ್ತು. ಅದರ ಬೆನ್ನಿಗೇ ನಾನು ಬರೆದಿದ್ದದ್ದು, “ಮಾಯಿಸಿದಷ್ಟು ಉಸಿರು ಅವಳ ಹಾಳೆಯಿಂದ ಹೋಗುತ್ತದೆ” ಎಂದು. ಆ ಜಾಗದಲ್ಲಿ ಈಗ ಒಂದು ಬಳ್ಳಿಯ ಚಿತ್ರ, ಬಳ್ಳಿಯ ತುದಿಗೊಂದು ಹೂವು. ನನ್ನ ಮಾತು ಕಿತ್ತು ಅಲ್ಲಿ ಹೂವು ನೆಟ್ಟಿದ್ದ ನಮ್ಮಣ್ಣ. ಮೈಯೆಲ್ಲ ಉರಿದುಹೋಯಿತು.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಆಟ ಮಾಡುವ ಕಸುಬು. ಕಂಪ್ಯೂಟರಿನ ಆಟವಲ್ಲ, ಮೊಬೈಲಿನದ್ದೂ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬರು ಸೂತ್ರಧಾರರಾಗಿ ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಬಾಯಲ್ಲೇ ಕಾಡು ದಾಟಿ, ಬಾಯಲ್ಲೇ ಕೋಟೆ ಹತ್ತಿ, ಕಷ್ಟ ಬಂದಾಗ ದಾಳ ಉರುಳಿಸುವ ಆಟ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತುಂಬಿದ ಪುಟ್ಟ ಪುಟ್ಟ ಸೊನ್ನೆಗಳು. ಅವೇ ಆ ಪಾತ್ರದ ಉಸಿರು. ಏಟು ಬಿದ್ದರೆ ರಬ್ಬರು ತೆಗೆದುಕೊಂಡು ಅಳಿಸಬೇಕು. ಎಲ್ಲವೂ ಅಳಿಸಿಹೋದರೆ ಪಾತ್ರ ಸತ್ತಂತೆ. ಯಾವ ಪಾತ್ರಕ್ಕೆ ಯಾವ ವಿದ್ಯೆ ಗೊತ್ತು, ಆ ವಿದ್ಯೆಗೆ ಏನು ತೆರಬೇಕು ಎನ್ನುವುದನ್ನು ತೀರ್ಮಾನಿಸುವುದು ಅದರ ಕ್ಲಾಸ್. ಪುಸ್ತಕದಲ್ಲಿ ನಾವು ‘ವರ್ಗ’ ಎಂದು ಅಚ್ಚು ಹಾಕಿಸುತ್ತೇವೆ, ಆಡುವವರು ಒಬ್ಬರೂ ಹಾಗೆ ಕರೆಯುವುದಿಲ್ಲ. ಹೊರೆಗಾತಿಯೂ ಅಂಥದೊಂದು ಕ್ಲಾಸ್. ಈ ಕ್ಲಾಸುಗಳನ್ನು ಮಾಡುವವಳು ನಾನು. ಆಟದ ಪೆಟ್ಟಿಗೆಯ ಮೇಲೆ ಇರುವ ಹೆಸರು ಅಣ್ಣನದ್ದು.

ನನಗೊಂದು ಹಟವಿದೆ. ಬಿಟ್ಟಿ ವಿದ್ಯೆ ನನ್ನ ಆಟದಲ್ಲಿ ಇರಕೂಡದು. ಕಿಡಿಗಾರ ಕೈ ಬೀಸಿದರೆ ಬೆಂಕಿ ಹೊರಡುತ್ತದೆ, ಆದರೆ ಆಮೇಲೆ ಅವನ ಬಾಯಿ ಕಟ್ಟುತ್ತದೆ. ಮುಂದಿನ ಸರದಿ ಬರುವತನಕ ಆ ಪಾತ್ರ ಆಡುವವನು ಮೇಜಿನ ಮುಂದೆ ನಿಜವಾಗಿಯೂ ತುಟಿ ಪಿಟಕ್ಕೆನ್ನದೆ ಕೂರಬೇಕು. ನೆರಳುಗಳ್ಳಿ ನೆರಳಿಗೆ ಇಳಿದಾಗ ಯಾರಾದರೂ ಮರೆತು ಅವಳ ಹೆಸರು ಹಿಡಿದು ಕೂಗಿದರೆ ಅವಳು ಅಲ್ಲೇ ಸಿಕ್ಕಿಬೀಳುತ್ತಾಳೆ. ಇವನ್ನು ಆಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಇಂಥದ್ದೆಲ್ಲ ಎಲ್ಲಿಂದ ಹೊಳೆಯುತ್ತದೆ ಎಂದು ಒಬ್ಬರು ಅಣ್ಣನನ್ನು ಕೇಳಿದರು. ಸ್ನಾನ ಮಾಡುವಾಗ ಹೊಳೆಯಿತು ಎಂದ. ಹೌದು, ಸ್ನಾನದ ಹೊತ್ತಲ್ಲೇ ಹೊಳೆದದ್ದು. ಸ್ನಾನ ಅಪ್ಪನದ್ದು, ಮಾಡಿಸುತ್ತಿದ್ದವಳು ನಾನು.

ಅಪ್ಪ ಬಡಗಿ. ನಮ್ಮ ಮೊದಲ ಆಟದ ದಾಳಗಳನ್ನು ಮರದಲ್ಲಿ ಕೆತ್ತಿಕೊಟ್ಟವರು ಅವರೇ. ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ ಒಳಕೋಣೆಯ ಮಂಚವೇ ಅವರ ಊರು. ಮಂಚದ ಸರಳಿಗೆ ನಾನೊಂದು ಸೈಕಲ್ ಬೆಲ್ ಬಿಗಿದಿದ್ದೇನೆ, ಬಲಗೈಗೆ ಎಟುಕುವ ಹಾಗೆ. ಬೆಲ್ ಹೊಡೆದರೆ ನಾನು ಎದ್ದು ಹೋಗುತ್ತೇನೆ. ಹೊರಕೋಣೆಯೇ ನಮ್ಮ ಕಂಪನಿ. ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಮೂಲೆಯಲ್ಲೊಂದು ಮೂರು ಕಾಲಿನ ಸ್ಟೂಲು. ಅಣ್ಣ ಎರಡು ಬೀದಿ ಆಚೆ ಹೆಂಡತಿ ಮಕ್ಕಳೊಂದಿಗೆ ಇದ್ದಾನೆ. ಬೆಳಗ್ಗೆ ಬರುತ್ತಾನೆ, ಫೋನಿನಲ್ಲಿ ಮಾತಾಡುತ್ತಾನೆ, ಹೋಗುವಾಗ ಒಳಗೆ ಇಣುಕಿ “ಅಪ್ಪ, ಹೆಂಗಿದೀರಾ?” ಅನ್ನುತ್ತಾನೆ. ಅಪ್ಪನ ಮುಖ ಅರಳುತ್ತದೆ. ಮಡಿಸಿದ ಬಟ್ಟೆ, ಒಣಗಿದ ಹಾಸಿಗೆ, ಬಾಚಿದ ತಲೆ ನೋಡಿ ಅಣ್ಣನ ಮುಖವೂ ಅರಳುತ್ತದೆ. ಇಬ್ಬರ ಮುಖವೂ ಅರಳಿರುವುದನ್ನು ನೋಡುತ್ತ ನಾನು ಬಾಗಿಲಲ್ಲಿ ಬಕೆಟ್ ಹಿಡಿದುಕೊಂಡು ನಿಂತಿರುತ್ತೇನೆ.

ಆ ದಿನ ಅವನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಪ್ರೂಫನ್ನು ಅವನ ಮೂಗಿಗೆ ಹಿಡಿದೆ.

“ಅಣ್ಣ, ಆ ಸಾಲು ಎಲ್ಲಿ ಹೋಯ್ತು?”

“ಯಾವ ಸಾಲು?”

“ನಾಟಕ ಆಡ್ಬೇಡ.”

“ಓ, ಅದಾ? ತೆಗೆದೆ ಪುಟ್ಟಿ. ಓದಿದ್ರೆ ಒಂಥರಾ ಗೋಳು ಅನ್ನಿಸ್ತು. ಜನ ಆಡೋಕೆ ಬರೋದು, ಅಳೋಕಲ್ಲ.”

ನಲವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆಯುವವನು ಲೋಕದಲ್ಲಿ ಇವನೊಬ್ಬನೇ. ಕೆಲಸವಾಗಬೇಕಾದಾಗ ಆ ಹೆಸರಿಗೆ ಇನ್ನಷ್ಟು ಬೆಣ್ಣೆ ಹಚ್ಚುತ್ತಾನೆ.

“ಕಿಡಿಗಾರ ಬಾಯಿ ಮುಚ್ಕೊಂಡು ಕೂರ್ತಾನಲ್ಲ, ಅದು ಗೋಳಲ್ವಾ? ಅದನ್ನ ಯಾಕೆ ತೆಗೀಲಿಲ್ಲ?”

“ಅದು ತಮಾಷೆ. ಇದು ಬೇರೆ. ವಾಸಿ ಮಾಡೋಳು ಅಂದ್ಮೇಲೆ ವಾಸಿ ಮಾಡ್ಬೇಕು, ಅಷ್ಟೆ. ಅದಕ್ಕೂ ಒಂದು ಬೆಲೆ ಯಾಕೆ? ಪ್ರೀತಿಯಿಂದ ಮಾಡ್ತಾಳೆ ಅಂತ ಬರಿ, ಚೆನ್ನಾಗಿರುತ್ತೆ.”

ಪ್ರೀತಿಯಿಂದ! ಕೈಯಲ್ಲಿದ್ದ ಪ್ರೂಫನ್ನು ಅವನ ತಲೆಗೆ ಬಡಿಯಬೇಕು ಅನ್ನಿಸಿತು. ಬೆಂಕಿ ಎಸೆಯುವವನು ಏನು ದ್ವೇಷದಿಂದ ಎಸೆಯುತ್ತಾನೆಯೇ? ಅವನ ವಿದ್ಯೆಗೆ ಬೆಲೆ ಇಟ್ಟರೆ ಅದು ಜಾಣತನ, ಪತ್ರಿಕೆಯವರ ಮುಂದೆ ಹೇಳಿಕೊಳ್ಳುವಂಥದ್ದು. ಇವಳ ವಿದ್ಯೆಗೆ ಬೆಲೆ ಇಟ್ಟರೆ ಮಾತ್ರ ಗೋಳು. ಹೊರೆಗಾತಿಗೆ ಇರುವುದು ಒಂದೇ ವಿದ್ಯೆ, ಇನ್ನೊಬ್ಬರ ಗಾಯವನ್ನು ತನ್ನ ಮೈಗೆ ತೆಗೆದುಕೊಳ್ಳುವುದು. ಆ ಬೆಲೆಯನ್ನು ಕಿತ್ತರೆ ಅವಳು ಬರೀ ಮುಲಾಮಿನ ಡಬ್ಬಿ. ಇದನ್ನೆಲ್ಲ ಅವನಿಗೆ ಹೇಳಿದೆ, ಮೆಲ್ಲಗೆ ಅಲ್ಲ, ಬೀದಿಗೆ ಕೇಳುವ ಹಾಗೆ. ಒಳಗಿನಿಂದ ಅಪ್ಪ ಬೆಲ್ ಹೊಡೆದರು.

“ಕೂಗಾಡ್ಬೇಡ. ಪರೀಕ್ಷೆಗೆ ಇಡೋಣ,” ಎಂದ ಅಣ್ಣ. “ನಿನ್ನ ಸಾಲು ವಾಪಸ್ ಹಾಕು. ನಮ್ಮ ಮಂದಿ ಆಡ್ಲಿ. ಮೇಜಿನಲ್ಲಿ ನಡೆದ್ರೆ ಇರ್ಲಿ, ನಡೀದಿದ್ರೆ ಹೂವೇ ಇರ್ಲಿ. ಮುಂದಿನ ವಾರ ಅಚ್ಚಿಗೆ ಹೋಗ್ಬೇಕು. ಅದಾದ್ಮೇಲೆ ನೀನೇ ಬೇಡ್ಕೊಂಡ್ರೂ ಬದಲಾಯಿಸೋಕಾಗಲ್ಲ.”

ಒಪ್ಪಿಕೊಂಡೆ. ಒಪ್ಪದೆ ಗತಿಯಿರಲಿಲ್ಲ.

ನಮ್ಮ ಪರೀಕ್ಷೆಗೆ ಒಂದು ಕಟ್ಟಳೆಯುಂಟು, ಮಾಡಿದವನು ಅಣ್ಣನೇ. ಆಟ ನಡೆಯುವಾಗ ಅದನ್ನು ಮಾಡಿದವಳು ಮೂಲೆಯ ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಆಡುವವರು ತಪ್ಪಾಗಿ ಓದಲಿ, ಕಂಗಾಲಾಗಲಿ, ನಿನ್ನ ಕಡೆ ತಿರುಗಿ ಅಂಗಲಾಚಲಿ, ಒಂದು ಮಾತೂ ಹೊರಡಬಾರದು. “ಪೆಟ್ಟಿಗೆ ಜೊತೆ ನಿನ್ನನ್ನೂ ಪ್ಯಾಕ್ ಮಾಡಿ ಕಳಿಸೋಕಾಗುತ್ತಾ? ಅವರೇ ಹುಡುಕ್ಕೋಬೇಕು,” ಎನ್ನುತ್ತಾನೆ. ಕಟ್ಟಳೆ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಪರೀಕ್ಷೆಯ ಮಂದಿ ಯಾವಾಗಲೂ ಅವರೇ. ಸೂತ್ರಧಾರ ನಮ್ಮ ಲೆಕ್ಕದ ಮೇಷ್ಟ್ರು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ, ಇಲ್ಲದ್ದಕ್ಕೆ ತಗಾದೆ ತೆಗೆಯುವುದರಲ್ಲಿ ಎತ್ತಿದ ಕೈ. ಔಷಧಿ ಅಂಗಡಿಯವಳು ನೆರಳುಗಳ್ಳಿ. ಕಿಡಿಗಾರನಾಗಿ ಚಿಕ್ಕಪ್ಪನ ಮಗ, ಎಲೆಕ್ಟ್ರಿಷಿಯನ್, ನಾವೆಲ್ಲ ಫ್ಯೂಸ್ ಎಂದು ಕರೆಯುವವನು. ಅವನು ಬೇರೆ ಕ್ಲಾಸ್ ಮುಟ್ಟುವುದೇ ಇಲ್ಲ. ಹೊರೆಗಾತಿಯ ಹಾಳೆಯನ್ನು ಈಜು ಕಲಿಸುವ ಟೀಚರ್ ಕೈಗೆ ಕೊಟ್ಟೆವು.

ಮೊದಲ ಪರೀಕ್ಷೆ ನೋಡುತ್ತ ನನ್ನ ರಕ್ತ ಕುದಿಯಿತು. ಫ್ಯೂಸ್ ಕೋಟೆಯ ಗೋಡೆಯಿಂದ ಜಿಗಿದು ಕಾಲು ಮುರಿದುಕೊಂಡ. “ನನ್ನನ್ನ ಸರಿಮಾಡು,” ಎಂದ, ಟೀಚರ್ ಕಡೆ ಮುಖವನ್ನೂ ತಿರುಗಿಸದೆ. ಅವಳು ತನ್ನ ಹಾಳೆಯಲ್ಲಿ ಒಂದಿಷ್ಟು ಉಸಿರು ಅಳಿಸಿಕೊಂಡಳು. ಔಷಧಿ ಅಂಗಡಿಯವಳು ಬಾಣ ತಿಂದು “ನನ್ನದೂ,” ಎಂದಳು. ಟೀಚರ್ ಮತ್ತೆ ಅಳಿಸಿದಳು. ಆಮೇಲೆ ಫ್ಯೂಸ್ ಬೇಕೆಂತಲೇ ಇನ್ನೊಂದು ಗೋಡೆಯಿಂದ ಜಿಗಿದ, ಮೆಟ್ಟಿಲು ಇಳಿಯಲು ಬೇಸರವಂತೆ. ಅವಳ ಹಾಳೆಯಲ್ಲಿ ಎಷ್ಟು ಉಳಿದಿದೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ಅರ್ಧ ಆಟ ಮುಗಿಯುವಷ್ಟರಲ್ಲಿ ಅವಳು ಒಂದು ಕೈಯಲ್ಲಿ ರಬ್ಬರು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂತಿದ್ದಳು. ಕೊನೆಗೆ ಹೊರೆಗಾತಿ ಸತ್ತಳು. “ಅಯ್ಯೋ, ಯಾವಾಗ?” ಎಂದ ಫ್ಯೂಸ್.

“ನೋಡಿದ್ಯಾ?” ಎಂದ ಅಣ್ಣ ಎಲ್ಲರೂ ಹೋದ ಮೇಲೆ. “ಆ ಹುಡುಗಿ ಬೇಜಾರಾಗಿ ಸತ್ತೇಹೋದ್ಲು. ಬೆಲೆ ತೆಗಿ, ಖುಷಿಯಾಗಿ ಮಾಡ್ತಾಳೆ.”

ಅವಳು ಬೇಸತ್ತದ್ದು ನಿಜ, ಅದನ್ನು ಕಣ್ಣಾರೆ ಕಂಡಿದ್ದೆ. ಆದರೆ ಬೆಲೆ ಇದೆಯೆಂದು ಅವಳು ಬೇಸರಗೊಂಡಿರಲಿಲ್ಲ. ತೆತ್ತದ್ದು ಯಾರ ಕಣ್ಣಿಗೂ ಬೀಳಲಿಲ್ಲವೆಂದು ಬೇಸರಗೊಂಡಿದ್ದಳು. ಈ ಎರಡರ ನಡುವಿನ ಅಂತರ ಅಣ್ಣನಿಗೆ ಹೇಳಿ ತಿಳಿಸುವ ಚೈತನ್ಯ ಆ ಸಂಜೆ ನನ್ನಲ್ಲಿರಲಿಲ್ಲ.

ಮಾರನೆಯ ದಿನ ಅಪ್ಪನಿಗೆ ಸ್ನಾನ. ಅವರನ್ನು ಎತ್ತಿ ಕುರ್ಚಿಗೆ ಕೂರಿಸುವಾಗ ನನ್ನ ಸೊಂಟ ಚಳಕ್ ಎಂದಿತು. ಹಲ್ಲು ಕಚ್ಚಿಕೊಂಡು ನೀರು ಹಾಕಿದೆ, ಉಜ್ಜಿದೆ, ಒರೆಸಿದೆ, ಬಟ್ಟೆ ತೊಡಿಸಿದೆ. ಅಷ್ಟರಲ್ಲಿ ಅಣ್ಣ ಬಂದು ಇಣುಕಿದ.

“ಆಹಾ, ಅಪ್ಪ! ಮದುಮಗನ ಥರ ಕಾಣ್ತಿದೀರ!”

“ನೀನು ಬಂದ್ಯಲ್ಲ, ಅದಕ್ಕೇ,” ಎಂದರು ಅಪ್ಪ, ಅರ್ಧ ಬಾಯಲ್ಲಿ ನಗುತ್ತ.

ನಾನು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ನೀರನ್ನು ದಬಕ್ಕನೆ ಚೆಲ್ಲಿದೆ. ಗೋಡೆಗೆಲ್ಲ ಸಿಡಿಯಿತು. ಇಲ್ಲಿ ಉಜ್ಜುವವಳು ನಾನು, ಸವೆಯುವವಳು ನಾನು, ನಗು ಇವನ ಪಾಲು. ಒಂದು ದಿನ, ಒಂದೇ ಒಂದು ದಿನ ಈ ಕೆಲಸ ಅವನ ಕೈಯಾರೆ ಆಗಬೇಕು, ನನ್ನಿಂದ ಏನು ಹೋಗುತ್ತಿದೆ ಎನ್ನುವುದು ಅವನ ಬೆರಳಿಗೆ ಗೊತ್ತಾಗಬೇಕು ಎಂದುಕೊಂಡೆ. ಹಾಗೆ ಅಂದುಕೊಂಡವಳೇ ಬಕೆಟನ್ನು ಅಲ್ಲೇ ಬಿಟ್ಟು ಹೊರಕೋಣೆಗೆ ಓಡಿದೆ.

ತಪ್ಪು ಇದ್ದದ್ದು ಅಳಿಸುವ ಕೈಯಲ್ಲಿ. ಹೊರೆಗಾತಿಯ ಉಸಿರನ್ನು ಹೊರೆಗಾತಿಯೇ ಯಾಕೆ ಅಳಿಸಿಕೊಳ್ಳಬೇಕು? ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದೆ: “ವಾಸಿಯಾಗಬೇಕಾದವರು ಹೊರೆಗಾತಿಯ ಹಾಳೆಯನ್ನು ತಮ್ಮ ಮುಂದೆ ಎಳೆದುಕೊಂಡು, ತಮಗೆ ಬೇಕಾದಷ್ಟು ಉಸಿರನ್ನು ತಮ್ಮ ಕೈಯಿಂದಲೇ ಅಳಿಸಬೇಕು.” ಹಾಳೆಯಲ್ಲಿ ಉಸಿರಿನ ಸೊನ್ನೆಗಳನ್ನು ಕೆಳಗಿನಿಂದ ಕಿತ್ತು ಮೇಲೆ ತಂದೆ, ಅವಳ ಮುಖದ ಚಿತ್ರದ ಪಕ್ಕದಲ್ಲೇ. ಅಳಿಸಲು ಬಂದವರು ಅವಳ ಮುಖ ನೋಡದೆ ಅಳಿಸಲು ಆಗಬಾರದು.

ಎರಡನೆಯ ಪರೀಕ್ಷೆಯಲ್ಲಿ ಫ್ಯೂಸ್ ಯಥಾಪ್ರಕಾರ ಗೋಡೆಯಿಂದ ಜಿಗಿದ. “ಸರಿಮಾಡು,” ಎಂದ. ಮೇಷ್ಟ್ರು ಹೊಸ ಸಾಲು ಓದಿದರು. ಟೀಚರ್ ತನ್ನ ಹಾಳೆಯನ್ನು ಅವನ ಕಡೆ ತಳ್ಳಿ ರಬ್ಬರನ್ನು ಅದರ ಮೇಲಿಟ್ಟಳು. ಫ್ಯೂಸ್ ರಬ್ಬರನ್ನು ಕರೆಂಟ್ ಹರಿಯುವ ತಂತಿಯ ಹಾಗೆ ತುದಿಯಲ್ಲಿ ಹಿಡಿದ. ಹಾಳೆ ನೋಡಿದ. ಟೀಚರನ್ನು ನೋಡಿದ. ಇಷ್ಟು ವರ್ಷಗಳ ಪರೀಕ್ಷೆಯಲ್ಲಿ ಆ ಮನುಷ್ಯ ಇನ್ನೊಬ್ಬರ ಹಾಳೆ ನೋಡಿದ್ದೇ ನನಗೆ ನೆನಪಿಲ್ಲ.

“ನಿನಗೆ ಇಷ್ಟೇನಾ ಇರೋದು?” ಎಂದ.

“ಇಷ್ಟೇ.”

ಒಂದು ಸೊನ್ನೆ ಅಳಿಸಿದ. ಇನ್ನೊಂದಕ್ಕೆ ಕೈ ಹೋಗಲಿಲ್ಲ. “ಸಾಕು ಬಿಡು, ಕುಂಟ್ಕೊಂಡೇ ಬರ್ತೀನಿ,” ಎಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. ಆಮೇಲೆ ಅವನು ಗೋಡೆಗಳಿಂದ ಜಿಗಿಯಲಿಲ್ಲ, ಮೆಟ್ಟಿಲಲ್ಲೇ ಇಳಿದ. ಔಷಧಿ ಅಂಗಡಿಯವಳು ಹೊರೆಗಾತಿಯ ಮುಂದೆ ತಾನಾಗಿಯೇ ಗುರಾಣಿ ಹಿಡಿದು ನಿಂತಳು. ಟೀಚರ್ ಫೋನು ಬ್ಯಾಗಿಗೆ ಹಾಕಿಬಿಟ್ಟಳು. ಸ್ಟೂಲಿನ ಮೇಲೆ ಕೂತಿದ್ದ ನನಗೆ ಕುಣಿಯಬೇಕೆನ್ನಿಸುತ್ತಿತ್ತು.

ಆಗ ಮೇಷ್ಟ್ರು ಕನ್ನಡಕ ಮೇಲಕ್ಕೆ ತಳ್ಳಿದರು. ಅವರು ಕನ್ನಡಕ ತಳ್ಳಿದರೆ ತಗಾದೆ ಹುಟ್ಟಿತೆಂದೇ ಅರ್ಥ.

“ಒಂದು ಸಂದೇಹ. ಯಾರಾದ್ರೂ ಹಾಳೆ ಎಳ್ಕೊಳ್ಳೋಕೆ ಬಂದಾಗ ಇವಳು ಆಗಲ್ಲ ಅನ್ನಬಹುದಾ?”

ಎಲ್ಲರೂ ಪುಸ್ತಕ ತಿರುವಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರ ಪ್ರಶ್ನೆಯಲ್ಲಿ ಕನಿಕರ ಗಿನಿಕರ ಏನೂ ಇರಲಿಲ್ಲ. ಬೇಲಿಯಲ್ಲಿ ತೂತು ಎಲ್ಲಿದೆಯೆಂದು ಹುಡುಕುವುದು ಆ ಮನುಷ್ಯನ ಚಟ. ನಾನು ಕಟ್ಟಳೆಯಂತೆ ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ಕಟ್ಟಳೆ ಇಲ್ಲದಿದ್ದರೂ ಏನು ಹೇಳುತ್ತಿದ್ದೆ? ಅವಳ ಮೈಬಣ್ಣ ಬರೆದಿದ್ದೆ, ಅವಳ ಗುಡಿಸಲಿನ ಬಾಗಿಲು ಯಾವ ದಿಕ್ಕಿಗೆಂದು ಬರೆದಿದ್ದೆ, ಗಾಯ ಹೊತ್ತ ದಿನ ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೆಂದೂ ಬರೆದಿದ್ದೆ. ಅವಳು ಬೇಡ ಎನ್ನಬಹುದು ಎನ್ನುವುದು ಮಾತ್ರ ನನ್ನ ತಲೆಗೇ ಹೋಗಿರಲಿಲ್ಲ. ಅಣ್ಣನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಆ ಹೊತ್ತಿಗೆ ನನ್ನ ಮೇಲೆಯೇ ತಿರುಗಿತು.

ಮೇಷ್ಟ್ರು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. “ಬರೆದಿಲ್ಲ. ಬರೆದಿಲ್ಲ ಅಂದ್ರೆ ಇಲ್ಲ.”

ಎಲ್ಲರೂ ಹೋದ ಮೇಲೆ ಅಣ್ಣನಿಗೆ ಹೇಳಿದೆ. “ಆ ಸಾಲು ಸೇರಿಸ್ತೀನಿ. ಅವಳಿಗೆ ಬೇಡ ಅನ್ನಿಸಿದ್ರೆ ಆಗಲ್ಲ ಅನ್ನಬಹುದು ಅಂತ.”

ಅವನು ನಕ್ಕುಬಿಟ್ಟ. “ಆಮೇಲೆ ಅವಳು ಇದ್ದು ಏನು ಪ್ರಯೋಜನ?”

ಇದನ್ನು ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಟೀ ಲೋಟ ಮೇಜಿನ ಮೇಲಿಡುತ್ತ, ಬೀಗದ ಕೈ ಹುಡುಕುತ್ತ, ಹವೆಯ ಬಗ್ಗೆ ಮಾತಾಡುವ ಹಾಗೆ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ನಾನು ತಿರುಗಿ ಬೈದು ಮರೆತುಬಿಡುತ್ತಿದ್ದೆ.

“ನೀನೇ ಒಂದು ಸಲ ಆಡು,” ಎಂದೆ. “ಆಡಿ ಆಮೇಲೆ ಹೇಳು.”

“ಆಡ್ತೀನಿ. ನಾಳೆ ಕೊನೇ ಪರೀಕ್ಷೆ, ನಾಡಿದ್ದು ಅಚ್ಚು. ನನಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ಬೆಲೆ ತೆಗೆದು ಹೂವು ಹಾಕಿ ಕಳಿಸ್ತೀನಿ. ಮತ್ತೆ ರಗಳೆ ಮಾಡ್ಬಾರ್ದು.”

ಮಾರನೆಯ ದಿನ ನೋಡಿದರೆ ಟೀಚರ್ ತನ್ನ ಶಿಷ್ಯರನ್ನು ಕರೆದುಕೊಂಡು ಯಾವುದೋ ಸ್ಪರ್ಧೆಗೆ ಹೋಗಿದ್ದಳು. ಫ್ಯೂಸ್ ಯಾರದೋ ಮನೆಯಲ್ಲಿ ಕರೆಂಟ್ ಹೋಗಿದೆಯೆಂದು ಬರಲಿಲ್ಲ. ಅಣ್ಣ ಕಿಡಿಗಾರನ ಹಾಳೆ ಎತ್ತಿಕೊಂಡ. ಹೊರೆಗಾತಿಯ ಹಾಳೆ ಉಳಿಯಿತು. “ನೀನೇ ಕೂತ್ಕೋ ಪುಟ್ಟಿ, ಬೇರೆ ದಾರಿ ಇಲ್ಲ,” ಎಂದ. ಹೀಗೆ ನಾನು ಸ್ಟೂಲಿನಿಂದ ಇಳಿದು ಮೊದಲ ಸಲ ನಾನು ಮಾಡಿದವಳ ಜಾಗದಲ್ಲಿ ಕೂತೆ. ಆಡುವವಳಾಗಿ ಮಾತಾಡಬಹುದು, ಮಾಡಿದವಳಾಗಿ ವಿವರಿಸಬಾರದು ಎಂದು ಮೇಷ್ಟ್ರು ಷರತ್ತು ಹಾಕಿದರು.

ಆಟ ಶುರುವಾಯಿತು. ಅಣ್ಣ ಚೆನ್ನಾಗಿ ಆಡುತ್ತಾನೆ, ಅದು ಸುಳ್ಳಲ್ಲ. ಕಿಡಿಗಾರನಾಗಿ ಎದೆ ಸೆಟೆಸಿ ಡೈಲಾಗು ಹೊಡೆದು ಔಷಧಿ ಅಂಗಡಿಯವಳನ್ನು ನಗಿಸಿದ. ಸೇತುವೆಯ ಮೇಲೆ ಕಾವಲುಗಾರರು ಎದುರಾದರು. ಉಪಾಯ ಮಾಡೋಣ ಎಂದು ನಾವಿಬ್ಬರೂ ಹೇಳುವುದನ್ನು ಕಿವಿಗೇ ಹಾಕಿಕೊಳ್ಳದೆ ಅವನು ಮುಂದೆ ನುಗ್ಗಿದ. ಮೇಷ್ಟ್ರ ದಾಳ ಅವನ ಪಾಲಿಗೆ ಕೆಟ್ಟದಾಗಿ ಬಿತ್ತು. ಈಟಿ ಹೊಟ್ಟೆಗೆ ಹೊಕ್ಕಿತು. ಅವನ ಹಾಳೆಯಲ್ಲಿ ಉಸಿರು ಬಹುಪಾಲು ಹೋಯಿತು.

ನಾನು ಕಾಯುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಸೆಯಿಂದ ಕಾಯುತ್ತಿದ್ದೆ. ಫ್ಯೂಸಿನಂಥ ಒರಟ ತಡೆದ ಜಾಗದಲ್ಲಿ ಇವನೂ ಒಂದು ಕ್ಷಣ ತಡೆದಾನು, ಹಾಳೆ ನೋಡಿಯಾನು, ತಲೆಯೆತ್ತಿ ನನ್ನ ಮುಖ ನೋಡಿಯಾನು ಎಂದು.

ಅಣ್ಣ ಕೈ ಚಾಚಿ ನನ್ನ ಹಾಳೆ ಎಳೆದುಕೊಂಡ. ರಬ್ಬರು ಹಿಡಿದ. “ಈಗ ನೀವು ಆ ಸೇತುವೆ ಹಗ್ಗ ಕತ್ತರಿಸಿದ್ರೆ ಅವರೆಲ್ಲ ಕೆಳಗೆ ಬೀಳ್ತಾರೆ ಅಲ್ವಾ?” ಎಂದು ಔಷಧಿ ಅಂಗಡಿಯವಳ ಜೊತೆ ಮಾತಾಡುತ್ತಲೇ ಅಳಿಸಿದ. ಒಂದು ಸೊನ್ನೆ, ಅದರ ಪಕ್ಕದ್ದು, ಅದರ ಪಕ್ಕದ್ದು. ಊಟವಾದ ಮೇಲೆ ಮೇಜು ಒರೆಸುವ ಹಾಗೆ ಅಳಿಸಿದ. ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದ, ಅದು ಬಂದು ನನ್ನ ಮಡಿಲಲ್ಲಿ ಬಿತ್ತು. ಅವನ ಕಣ್ಣು ಒಂದು ಸಲವೂ ಮೇಲೆ ಬರಲಿಲ್ಲ. ಔಷಧಿ ಅಂಗಡಿಯವಳು ಅವನ ಕೈಯನ್ನೇ ನೋಡುತ್ತಿದ್ದಳು.

ಅವನ ಕೈಗೆ ತಿಳಿಯಲಿ ಎಂದು ನಾನು ಈ ಸಾಲು ಬರೆದಿದ್ದೆ. ಊರಿನವರ ಕೈಗೆಲ್ಲ ತಿಳಿಯಿತು. ಇವನ ಕೈಗೆ ಇದು ರೂಢಿಯಾಗಿಹೋಗಿತ್ತು.

“ಆಗಲ್ಲ,” ಎಂದೆ.

“ಏನು?”

“ಅಳಿಸ್ಬೇಡ. ಆಗಲ್ಲ. ಹಾಳೆ ಕೊಡು.”

ಅಣ್ಣ ನಕ್ಕ. ನಗುತ್ತಲೇ ಮೇಷ್ಟ್ರ ಕಡೆ ತಿರುಗಿದ. “ಹೇಳಿ ಮೇಷ್ಟ್ರೇ. ಆ ಥರ ನಿಯಮ ಇದೆಯಾ?”

“ಇಲ್ಲ,” ಎಂದರು ಮೇಷ್ಟ್ರು. “ಬರೆದಿಲ್ಲ.”

ಪ್ರೂಫ್ ಮೇಜಿನ ಮೇಲೇ ಇತ್ತು. ಪೆನ್ಸಿಲ್ ಬಿಟ್ಟು ಪೆನ್ನು ತೆಗೆದುಕೊಂಡೆ. ಹೂವಿನ ಚಿತ್ರದ ಮೇಲೆ, ಅದರ ದಳ ಎಲೆಗಳ ಮೇಲೆಯೇ ಹಾದುಹೋಗುವ ಹಾಗೆ ಬರೆದೆ: “ಹೊರೆಗಾತಿ ಯಾವಾಗ ಬೇಕಾದರೂ ಆಗಲ್ಲ ಎನ್ನಬಹುದು. ಕಾರಣ ಹೇಳಬೇಕಾಗಿಲ್ಲ.” ಪೆನ್ನು ಒತ್ತಿದ್ದಕ್ಕೆ ಕಾಗದ ಒಂದು ಕಡೆ ಹರಿಯಿತು. ಪ್ರೂಫನ್ನು ಮೇಷ್ಟ್ರ ಮುಂದೆ ತಳ್ಳಿದೆ.

ಮೇಷ್ಟ್ರು ಕನ್ನಡಕ ಮೇಲಕ್ಕೆ ತಳ್ಳಿ ಓದಿದರು. ಇನ್ನೊಂದು ಸಲ ಓದಿದರು. “ಈಗ ಬರೆದಿದೆ,” ಎಂದರು.

ಅಣ್ಣನ ನಗು ಮುಖದಲ್ಲೇ ಸಿಕ್ಕಿಕೊಂಡಿತು. “ಏನಾಗಿದೆ ನಿನಗೆ? ಆಟ ಕಣೇ ಇದು!”

ಅವನು ಇನ್ನೇನೋ ಹೇಳುವಷ್ಟರಲ್ಲಿ ಒಳಗಿನಿಂದ ಸೈಕಲ್ ಬೆಲ್ ಕೇಳಿಸಿತು. ಅಪ್ಪನ ಬೆಲ್ಲಿನಲ್ಲಿ ಬಗೆಗಳಿವೆ, ನನಗೆ ಎಲ್ಲವೂ ಗೊತ್ತು. ಇದು ನೀರಿಗಲ್ಲ. ಹಾಸಿಗೆ ಒದ್ದೆಯಾದಾಗ ಹೊಡೆಯುವ ಬೆಲ್, ಬಿಟ್ಟು ಬಿಟ್ಟು, ಮುಜುಗರದಿಂದ.

“ಅಪ್ಪ ಕರೀತಿದಾರೆ,” ಎಂದ ಅಣ್ಣ. ಹಾಗೆಂದು ದಾಳ ಕೈಗೆತ್ತಿಕೊಂಡ. “ಹೋಗಿ ನೋಡ್ಕೊಂಡು ಬಾ. ಅಷ್ಟರಲ್ಲಿ ನಾವು ಈ ಸೇತುವೆದು ಮುಗಿಸ್ತೀವಿ.”

“ಆಗಲ್ಲ,” ಎಂದೆ.

ಈ ಸಲ ಅವನು ಮೇಷ್ಟ್ರ ಕಡೆ ತಿರುಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ. ಬೆಲ್ ಮತ್ತೆ ಹೊಡೆಯಿತು. ಔಷಧಿ ಅಂಗಡಿಯವಳು ಮೇಜಿನ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಯಾರೂ ಅಣ್ಣನ ನೆರವಿಗೆ ಬರಲಿಲ್ಲ. ಕೊನೆಗೆ ಅವನು ದಾಳ ಕೆಳಗಿಟ್ಟು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಒಳಕೋಣೆಯ ಬಾಗಿಲ ಪರದೆ ಸರಿಸಿಕೊಂಡು ಹೋದ.

“ನೀನ್ಯಾಕೆ ಬಂದೆ?” ಎನ್ನುವ ಅಪ್ಪನ ದನಿ ಕೇಳಿತು. “ಅವಳೆಲ್ಲಿ?” ಅಣ್ಣ ಏನೋ ಗೊಣಗಿದ. ಮಂಚ ಕಿರುಗುಟ್ಟಿತು. ಅಣ್ಣನಿಗೆ ಅಪ್ಪನ ಎಡಭುಜ ಹಿಡಿಯಬಾರದೆಂದು ಗೊತ್ತಿಲ್ಲ. ಅಪ್ಪ ನರಳಿದರು. ನನ್ನ ಕಾಲುಗಳು ತಾವಾಗಿಯೇ ನೆಲವನ್ನು ಒತ್ತಿದವು, ಏಳಲಿಕ್ಕೆ. ಎದ್ದೆ. ಒಳಗೆ ಹೋಗಲಿಲ್ಲ.

“ಪುಟ್ಟೀ!” ಅಣ್ಣ ಕೂಗಿದ. “ಒಣ ಬಟ್ಟೆ ಎಲ್ಲಿದೆ?”

ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಪಕ್ಕದಲ್ಲೇ ಟವೆಲ್, ಅದರ ಹಿಂದೆ ಪೌಡರು, ಎಡಗಡೆ ರಬ್ಬರ್ ಶೀಟು. ಕತ್ತಲಲ್ಲಿ ಕೈ ಹಾಕಿದರೂ ನನಗೆ ಸಿಗುತ್ತದೆ. ಹೇಳಲಿಕ್ಕೆ ಒಂದು ಉಸಿರಿನ ಕೆಲಸ.

ನಾನು ಮೂಲೆಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

ಮೇಷ್ಟ್ರು ನನ್ನ ಕಡೆ ಬಾಗಿ, “ಹೇಳಿಬಿಡಿ, ಪಾಪ,” ಎಂದು ಪಿಸುಗುಟ್ಟಿದರು. ಆಮೇಲೆ ನಾನು ಎಲ್ಲಿ ಕೂತಿದ್ದೇನೆಂದು ಅವರಿಗೆ ಹೊಳೆಯಿತು. ಅವರ ಕೈ ಕನ್ನಡಕದ ಹತ್ತಿರ ಹೋಗಿ ಅಲ್ಲೇ ನಿಂತಿತು. ಕಟ್ಟಳೆಯೆಂದರೆ ಕಟ್ಟಳೆ.

ಒಳಗೆ ಒಂದು ಖಾನೆ ಎಳೆದ ಸದ್ದಾಯಿತು. ಮೇಲಿನದ್ದು. ಅದರಲ್ಲಿರುವುದು ಅಪ್ಪ ಕೆತ್ತಿದ ಹಳೆಯ ದಾಳಗಳು. ಅವನು ಜೋರಾಗಿ ಎಳೆದಿರಬೇಕು, ಖಾನೆ ಪೂರ್ತಿ ಕಳಚಿ ಬಿತ್ತು. ದಾಳಗಳು ನೆಲದ ತುಂಬ ಚೆಲ್ಲಿದವು, ಕೆಲವು ಪರದೆಯ ಅಡಿಯಿಂದ ಉರುಳಿ ಹೊರಕೋಣೆಗೂ ಬಂದವು.

“ಪುಟ್ಟೀ, ಕೇಳಿಸ್ತಿಲ್ವಾ? ಎಲ್ಲಿದೆ ಹೇಳೇ! ಪೂರ್ತಿ ಒದ್ದೆಯಾಗಿದೆ ಇಲ್ಲಿ!” ಅವನ ದನಿ ಈಗ ಬೇರೆಯಾಗಿತ್ತು. ಅಷ್ಟು ವರ್ಷಗಳಲ್ಲಿ ಆ ದನಿಯಲ್ಲಿ ಅವನು ನನ್ನನ್ನು ಏನೂ ಕೇಳಿರಲಿಲ್ಲ.

ನಾನು ತೊಡೆಯ ಮೇಲೆ ಕೈ ಜೋಡಿಸಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದೆ. ಬಾಯಿ ಬಿಡಲಿಲ್ಲ.